ಗೋಡೆಗೆ ನಲವತ್ತು ಹೆಜ್ಜೆ

ಟೋನಿ ಕಾಗದದ ಕಟ್ಟನ್ನು ಅಮರೇಶ್ವರರ ಪಾದದ ಪಕ್ಕಕ್ಕೆ ಇಳಿಸುವುದಕ್ಕೂ, ಅವರ ಹೆಂಡತಿ ನೀಲಾಂಬಿಕಾ ಕುರ್ಚಿಯಿಂದ ದಡಕ್ಕನೆ ಎದ್ದು "ಅಯ್ಯ, ಅಲ್ಲಿ ಬ್ಯಾಡ್ರಿ!" ಎನ್ನುವುದಕ್ಕೂ ಸರಿಹೋಯಿತು.

ಟೋನಿ ನ್ಯೂಜೆರ್ಸಿಯ ಆ ಫ್ಯೂನರಲ್ ಹೋಮಿನ, ಅಂದರೆ ಶವಸಂಸ್ಕಾರದ ಮನೆಯ, ಯಜಮಾನ. ಕನ್ನಡ ಬಾರದು. ಆದರೆ ಅಳುವ ಜನರ ನಡುವೆ ಮೂವತ್ತು ವರ್ಷ ದುಡಿದವನಿಗೆ ದನಿಯೊಂದೇ ಸಾಕು. ಕಟ್ಟನ್ನು ಮತ್ತೆ ಎತ್ತಿ ಎದೆಗವಚಿಕೊಂಡು, ಪೆಟ್ಟಿಗೆಯಲ್ಲಿ ಜಾಗ ಇರುವುದೇ ಕಾಲ ಕಡೆ ಮ್ಯಾಮ್, ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ.

"ನೋ ಬುಕ್ಸ್ ನಿಯರ್ ದ ಫೀಟ್, ಟೋನಿ," ಎಂದಳು ಮಗಳು ಅನು. "ಇಟ್ಸ್ ಎ ಥಿಂಗ್ ವಿತ್ ಅಸ್."

ಲಿಂಗಾಯತರ ಪದ್ಧತಿಯಂತೆ ಅಮರೇಶ್ವರರನ್ನು ಕುಳ್ಳಿರಿಸಿ ಮಣ್ಣು ಮಾಡಬೇಕಿತ್ತು. ಇಲ್ಲಿನ ಸ್ಮಶಾನದ ನಿಯಮ ಬೇರೆ. ಉದ್ದದ ಪೆಟ್ಟಿಗೆ, ಅದನ್ನು ಇಳಿಸಲು ಸಿಮೆಂಟಿನ ತೊಟ್ಟಿ, ಮಲಗಿಯೇ ಹೋಗಬೇಕು. ನೀಲಾಂಬಿಕಾ ಅದಕ್ಕೆ ಹೇಗೋ ಒಪ್ಪಿದ್ದರು. ಬಲಗೈಯಲ್ಲಿ ಇಷ್ಟಲಿಂಗ ಇದೆಯಲ್ಲ, ಹಣೆಯ ಮೇಲೆ ವಿಭೂತಿ ಇದೆಯಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಅಕ್ಷರವನ್ನು ಕಾಲ ಬಳಿ ಇಡುವುದಕ್ಕೆ ಮಾತ್ರ ಅವರು ತಯಾರಿರಲಿಲ್ಲ. ಕಡೆಗೆ ಎರಡು ಕಟ್ಟು ಎಡದ ತೋಳಿನ ಪಕ್ಕ, ಎರಡು ಬಲದ ತೋಳಿನ ಪಕ್ಕ ಎಂದು ತೀರ್ಮಾನವಾಯಿತು.

ನಾಲ್ಕು ಕಟ್ಟು, ಒಟ್ಟು ಸಾವಿರದ ನೂರ ನಲವತ್ತು ಪುಟ, ಎಲ್ಲವೂ ಕೈಬರಹ. ವೇರ್‌ಹೌಸಿನಲ್ಲಿ ಪೆಟ್ಟಿಗೆಗಳಿಗೆ ಬಿಗಿಯುವ ನೀಲಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದವು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಡಿಸೆಂಬರ್ ಹದಿಮೂರರಂದು ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನ ಹೊರಗೆ ನಡೆದ ಕದನದ ಚರಿತ್ರೆ ಅದು. ಅಮರೇಶ್ವರ ಇಪ್ಪತ್ತು ವರ್ಷ ಕೂತು ಕನ್ನಡದಲ್ಲಿ ಬರೆದಿದ್ದರು.

ಅದರ ಇನ್ನೊಂದು ಪ್ರತಿ ಕೃಷ್ಣಸ್ವಾಮಿಯವರ ಮನೆಯಲ್ಲಿ ಭದ್ರವಾಗಿದೆ ಎಂದು ಆ ಕೋಣೆಯಲ್ಲಿದ್ದ ಮೂವತ್ತು ಜನರಿಗೂ ಗೊತ್ತಿತ್ತು. ಇಲ್ಲ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬರು ಎರಡನೇ ಸಾಲಿನಲ್ಲಿ ಕೋಟಿನ ಗುಂಡಿ ತಿರುವುತ್ತ ಕೂತಿದ್ದ ಕೃಷ್ಣಸ್ವಾಮಿ, ಇನ್ನೊಬ್ಬರು ಅವರ ಪಕ್ಕದಲ್ಲಿದ್ದ ಹೆಂಡತಿ ರಮಾಮಣಿ.

"ಹೋಗಿ ಹೇಳಿ," ಎಂದರು ರಮಾಮಣಿ, ತುಟಿ ಅಲುಗದಂತೆ.

"ಏನೂಂತ ಹೇಳ್ಲಿ?"

"ಇದ್ದದ್ದು ಇದ್ದ ಹಾಗೆ. ಮುಚ್ಚಳ ಹಾಕೋ ಮುಂಚೆ ಹೇಳಿ."

ಕೃಷ್ಣಸ್ವಾಮಿ ಎದ್ದರು. ಎಪ್ಪತ್ನಾಲ್ಕರ ಮಂಡಿ ಒಂದು ಸಲ ಲಟಕ್ಕೆಂದಿತು. ಪೆಟ್ಟಿಗೆಯ ಹತ್ತಿರ ಹೋಗಿ ನಿಂತರು. ಅಮರೇಶ್ವರರ ಮುಖ ಸ್ವಲ್ಪ ಊದಿತ್ತು, ಅಷ್ಟು ಬಿಟ್ಟರೆ ಅದೇ ಮುಖ. ಏನಾದರೂ ಕೇಳುವ ಮೊದಲು ಸಂಕೋಚದಿಂದ ಒಂದಿಷ್ಟು ನಗುತ್ತಿದ್ದರಲ್ಲ, ಆ ನಗುವಿಗೆ ಮುಂಚಿನ ಮುಖ.

"ಅನು," ಎಂದರು ಕೃಷ್ಣಸ್ವಾಮಿ, "ಒರಿಜಿನಲ್ ಇದು. ಇದನ್ನ ಇಟ್ಕೊಂಡಿದ್ರೆ ಒಳ್ಳೇದೇನೋ. ಇನ್ನೊಂದ್ಸಲ ಯೋಚ್ನೆ ಮಾಡಮ್ಮ."

ಅನುವಿಗೆ ಮೂವತ್ತೊಂದು. ಹ್ಯಾರಿಸನ್‌ನಲ್ಲಿ ಒಂಟಿ ಮನೆ, ಮ್ಯಾನ್‌ಹಟನ್‌ನಲ್ಲಿ ಕೆಲಸ. ಮೂರು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕಳೆದವಳ ಕಣ್ಣು ಕೆಂಪಗಿದ್ದವು.

"ಯೋಚ್ನೆ ಮಾಡಿದೆ ಅಂಕಲ್. ನಿಮ್ಮ ಕಾಪಿನೇ ಬೆಟರ್. ನಿಮ್ಮ ನೋಟ್ಸ್ ಎಲ್ಲ ಅದರಲ್ಲಿದೆ ಅಂತ ಅಪ್ಪ ಹೇಳಿದ್ರು. ಲಾಸ್ಟ್ ವೀಕ್ ಹಾಸ್ಪಿಟಲ್‌ನಲ್ಲಿ ಕೂಡ. ಹಿ ವಾಸ್ ಸೋ ಶ್ಯೂರ್ ಅಬೌಟ್ ಯೂ."

"ಇದು ಅವರ ಕೈಬರಹ, ಅಣ್ಣಾರ," ಎಂದರು ನೀಲಾಂಬಿಕಾ. "ಅವರ ಜೋಡಿನ ಹೋಗಲಿ. ಇಪ್ಪತ್ತು ವರ್ಷ ಆ ದಂಡಿನ ಹುಡುಗರ ಸಂಗಾಟನ ಇದ್ರು ಅವರು. ನನ್ನ ಸಂಗಾಟ ಇದ್ದದ್ದು ಎಷ್ಟಂತೀರಿ? ಈಗ ಒಬ್ಬರ್ನ ಹ್ಯಾಂಗ ಕಳಸ್ಲಿ ನಾ?"

ಕೃಷ್ಣಸ್ವಾಮಿ ಕೈಗೆ ಏನಾದರೂ ಕೆಲಸ ಬೇಕಾಗಿ, ಮೇಲಿನ ಕಟ್ಟಿನ ಅಂಚನ್ನು ಪಟ್ಟಿಯಿಂದ ಸ್ವಲ್ಪ ಸಡಿಲಿಸಿ, ಬೆರಳು ಹೋದ ಕಡೆ ತೆರೆದು ಓದಿದರು.

'ಹುಡುಗ ಕಾಲುವೆ ದಾಟಿದ. ಡಿಸೆಂಬರಿನ ನೀರು, ಮೊಣಕಾಲಿನವರೆಗೆ. ಅವ್ವ ಹೆಣೆದು ಕಳಿಸಿದ ಕಾಲುಚೀಲ ಒದ್ದೆಯಾಯಿತು. ಅದು ಒಣಗುವಷ್ಟು ಹೊತ್ತು ಅವನ ಪಾಲಿಗೆ ಇರಲಿಲ್ಲ. ಎದುರಿನಿಂದ ಗುಂಡು ಬರತೊಡಗಿದಾಗ ಇಡೀ ಸಾಲು ತಲೆ ತಗ್ಗಿಸಿತು, ಆಲಿಕಲ್ಲು ಬಿದ್ದಾಗ ಹೊಲದ ನಡುವೆ ಎತ್ತುಗಳು ತಗ್ಗಿಸುವ ಹಾಗೆ. ತಗ್ಗಿಸಿಕೊಂಡೇ ಮುಂದೆ ನಡೆಯಿತು.'

ಪುಟದ ಬಲಕ್ಕೆ ನಾಲ್ಕು ಬೆರಳಗಲ ಜಾಗ ಬಿಟ್ಟು ಪೆನ್ಸಿಲಿನಲ್ಲಿ ಗೀಟು ಎಳೆದಿತ್ತು. ಗೀಟಿನ ಮೇಲೆ ಸಣ್ಣ ಅಕ್ಷರದಲ್ಲಿ 'ಕೃ.ಸ್ವಾ. ಟಿಪ್ಪಣಿ' ಎಂದಿತ್ತು. ಮುಂದಿನ ಪುಟದಲ್ಲೂ ಅದೇ ಗೀಟು, ಅದೇ ಅಕ್ಷರ. ಅದರ ಮುಂದಿನದರಲ್ಲೂ. ಆ ಜಾಗ ಎಲ್ಲ ಕಡೆಯೂ ಖಾಲಿ.

ಬರಹ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದರೆ ಸಾಲದು. ಮೂವತ್ತು ವರ್ಷ ಕನ್ನಡ ಕೂಟದ ಸ್ಮರಣ ಸಂಚಿಕೆ ತಿದ್ದಿದ ಕೃಷ್ಣಸ್ವಾಮಿಯವರ ಕೈಗೆ ಇಂಥ ಒಂದು ಪುಟ ಬಂದಿರಲಿಲ್ಲ. ಅದು ಅವರಿಗೆ ಗೊತ್ತಾದದ್ದು ಈಗ, ಹೆಣದ ಪಕ್ಕ ನಿಂತು.

*

ಅಮರೇಶ್ವರ ಧಾರವಾಡದ ಕಡೆಯವರು. ಸಿವಿಲ್ ಎಂಜಿನಿಯರಿಂಗ್ ಓದಿ ಬಂದಿದ್ದರು. ಬಂದ ಮೂರನೇ ವರ್ಷ ಕಂಪನಿ ಮುಚ್ಚಿತು. ಕ್ರ್ಯಾನ್‌ಬರಿಯಲ್ಲಿ ಹೆದ್ದಾರಿಯ ಎಕ್ಸಿಟ್ 8ಎ ಹತ್ತಿರದ ವೇರ್‌ಹೌಸೊಂದರಲ್ಲಿ ತಾತ್ಕಾಲಿಕ ಎಂದು ಸೇರಿಕೊಂಡರು. ಆ ತಾತ್ಕಾಲಿಕ ಇಪ್ಪತ್ತಾರು ವರ್ಷ ಎಳೆಯಿತು. ಯಾವ ಟ್ರಕ್ಕನ್ನು ಯಾವ ಬಾಗಿಲಿಗೆ ಹಚ್ಚಬೇಕು ಎಂದು ಹೇಳುವ ಕೆಲಸ. ಮಧ್ಯಾಹ್ನ ರೊಟ್ಟಿಯ ಡಬ್ಬಿ ಹಿಡಿದು ಹತ್ತಿರದ ಹಳೆಯ ಚರ್ಚಿನ ಸಮಾಧಿಗಳ ನಡುವೆ ಕೂತು ಉಣ್ಣುತ್ತಿದ್ದರು. ಅಲ್ಲಿ ಬೆಂಚಿತ್ತು, ನೆರಳಿತ್ತು, ಮಾತಾಡಿಸುವವರು ಇರಲಿಲ್ಲ.

ಬೆಂಚಿನ ಎದುರಿನ ಕಲ್ಲು ಹತ್ತೊಂಬತ್ತು ವರ್ಷದ ಹುಡುಗನೊಬ್ಬನದು. ಹೆಸರು ಅರ್ಧ ಸವೆದಿತ್ತು. ಫ್ರೆಡರಿಕ್ಸ್‌ಬರ್ಗ್ ಎಂಬ ಊರೂ ತಾರೀಖೂ ಮಾತ್ರ ನಿಚ್ಚಳವಾಗಿದ್ದವು. ಎರಡು ವರ್ಷ ಅದರ ಎದುರು ಉಂಡ ಮೇಲೆ ಅಮರೇಶ್ವರರಿಗೆ, ಇವನು ಹೇಗೆ ಸತ್ತ ಎಂದು ತಿಳಿಯದೆ ಉಣ್ಣುವುದು ಸರಿಯಲ್ಲ ಅನ್ನಿಸಿತಂತೆ. ಲೈಬ್ರರಿಗೆ ಹೋದರು.

ಒಂದು ಯುಗಾದಿಯ ದಿನ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಕೃಷ್ಣಸ್ವಾಮಿಯವರಿಗೆ ಇದನ್ನೆಲ್ಲ ಹೇಳಿದರು.

"ಆ ಹುಡುಗನ ಸೈನ್ಯ ಹೊಳಿ ದಂಡಿಗೆ ಬಂದು ಮುಟ್ಟಿತ್ರಿ ಸರ. ಆಚಿ ದಂಡಿಮ್ಯಾಲೆ ವೈರಿಗಳು ಇನ್ನೂ ಭಾಳ ಮಂದಿ ಬಂದಿದ್ದಿಲ್ಲ. ಸೇತುವೆ ಕಟ್ಟೂ ದೋಣಿ ಬರಬೇಕಿತ್ತು. ಬರಲಿಲ್ಲ. ಯಾರೋ ಕಾಗದ ತಡಾ ಕಳಿಸಿದ್ರು, ಯಾರೋ ತಡಾ ಓದಿದ್ರು. ದೋಣಿ ಬರೂದ್ರಾಗ ಎದುರಿನ ಗುಡ್ಡದ ತುಂಬ ಫಿರಂಗಿ ತೋಪು. ಬುಡಕ್ಕ ಒಂದು ಕಲ್ಲಿನ ಗ್ವಾಡಿ, ಅದರ ಹಿಂದ ಬಂದೂಕು. ಇವರು ಬಟಾಬಯಲಾಗ ನಡಕೋತ ಹೋಗಬೇಕು. ಮಧ್ಯಾಹ್ನದಿಂದ ಕತ್ತಲ ಆಗೂತನಕ ದಂಡಿನ ಹಿಂದ ದಂಡು ಕಳಿಸಿದ್ರು. ಹದಿನಾಲ್ಕು ಸಲ. ಗ್ವಾಡಿ ಮುಟ್ಟಿದಾಂವ ಒಬ್ಬನೂ ಇಲ್ಲ. ಸತ್ತವರು, ಗಾಯಾದವರು, ಕಾಣದಂಗಾದವರು ಕೂಡಿ ಇವರ ಕಡೆನ ಹನ್ನೆರಡು ಸಾವಿರದ ಮ್ಯಾಲೆ." ತಟ್ಟೆಯ ಒಬ್ಬಟ್ಟು ಆರುತ್ತಿತ್ತು. "ಟ್ರಕ್ ತಡಾ ಆಗಿ ಬಂದರ ಏನಾಗ್ತೈತಿ ಅಂತ ನನಗ ಗೊತ್ತೈತಿ. ಅದಕ್ಕ ಇದು ನನಗ ಹತ್ತಿತು."

"ಇಂಗ್ಲಿಷಿನಲ್ಲಿ ಇದರ ಮೇಲೆ ಬೇಕಾದಷ್ಟು ಪುಸ್ತಕ ಇದಾವಲ್ಲ?"

"ಅದಾವ್ರಿ. ಅವರ ಮಂದಿ ಅವರಿಗೆ ಅತ್ತಾರ. ನಮ್ಮ ಮಾತಿನ್ಯಾಗ ಯಾರೂ ಅತ್ತಿಲ್ಲ."

ಕೃಷ್ಣಸ್ವಾಮಿಯವರಿಗೆ ನ್ಯೂಜೆರ್ಸಿಯ ಸಾಹಿತಿ ಎಂಬ ಹೆಸರು. ಹಾಳೂರಿಗೆ ಉಳಿದವನೇ ಗೌಡ. ಮೈಸೂರಿನಲ್ಲಿ ಓದುವಾಗ ನಾಲ್ಕು ಪದ್ಯ ಅಚ್ಚಾಗಿದ್ದವು, ಅದರ ಬಲದ ಮೇಲೆ ಇಲ್ಲಿ ನಲವತ್ತು ವರ್ಷದಿಂದ ಹಾರ ಹಾಕಿಸಿಕೊಳ್ಳುತ್ತಿದ್ದರು. ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದರು. ಅನು ಅಲ್ಲಿಯೇ ಕಾಗುಣಿತದವರೆಗೆ ಬಂದು ಬಿಟ್ಟವಳು. ಬರೆದವರೆಲ್ಲ ಅವರಿಗೇ ತೋರಿಸುವುದು, ಅವರು ಓದದೆಯೇ "ಚೆನ್ನಾಗಿದೆ, ಮುಂದುವರಿಸಿ" ಎನ್ನುವುದು ರೂಢಿ. ಬರೆಯುವವರು ಹೆಚ್ಚಾಗಿ ಎರಡು ಪುಟಕ್ಕೆ ಸುಸ್ತಾಗುತ್ತಿದ್ದರು, ಹಾಗಾಗಿ ರೂಢಿಯಿಂದ ಯಾರಿಗೂ ನಷ್ಟವಿರಲಿಲ್ಲ. ಅಮರೇಶ್ವರ ಒಬ್ಬರೇ ಆ ಮಾತನ್ನು ನಿಜವೆಂದು ನಂಬಿ ಮುಂದುವರಿಸಿದ್ದು.

ನಿವೃತ್ತಿಯ ವಾರ ಆಫೀಸಿನ ಮೆಷಿನ್ನಿನಲ್ಲಿ, ಮ್ಯಾನೇಜರನ ಒಪ್ಪಿಗೆ ಪಡೆದು, ಅಷ್ಟೂ ಪುಟ ಜೆರಾಕ್ಸ್ ಮಾಡಿ ಎರಡು ಡಬ್ಬಿಗೆ ತುಂಬಿ ತಂದುಕೊಟ್ಟರು. "ತಿದ್ದಿಕೊಡ್ರಿ ಸರ. ಗಡಿಬಿಡಿ ಇಲ್ಲ. ಪುಟದ ಬಲಕ್ಕ ನಿಮಗ ಜಾಗಾ ಬಿಟ್ಟೀನಿ."

ಕೃಷ್ಣಸ್ವಾಮಿ ಹತ್ತೊಂಬತ್ತು ಪುಟ ಓದಿದರು. ಅದು ಬರೀ ನದಿ, ಹವೆ, ದೋಣಿಗಳ ಲೆಕ್ಕ. ಡಬ್ಬಿಗಳು ಬೇಸ್‌ಮೆಂಟಿಗೆ ಇಳಿದವು.

*

"ಈ ಬೃಹತ್ ಗ್ರಂಥವನ್ನು ಪೂರ್ತಿ ಓದಿರುವ ಏಕೈಕ ವ್ಯಕ್ತಿ ನಮ್ಮ ನಡುವೆ ಇದ್ದಾರೆ," ಎಂದ ಕೂಟದ ಅಧ್ಯಕ್ಷ ಸುಬ್ಬು, ಮೈಕಿನ ಮುಂದೆ. ಸಾವಿನ ಮನೆಯಲ್ಲೂ ಅವನದು ಸಮಾರಂಭದ ದನಿ. "ಕೃಷ್ಣಸ್ವಾಮಿಯವರು ಎರಡು ಮಾತು ಹೇಳಬೇಕು."

ರಮಾಮಣಿ ಗಂಡನ ಮುಖ ನೋಡಿದರು. ಈಗಲಾದರೂ ಹೇಳಿ ಎನ್ನುವ ನೋಟ. ಕೃಷ್ಣಸ್ವಾಮಿ ಮೈಕಿನವರೆಗಿನ ಹತ್ತು ಹೆಜ್ಜೆಯಲ್ಲಿ ವಾಕ್ಯವನ್ನು ಸಿದ್ಧಮಾಡಿಕೊಂಡರು. ನನ್ನ ಹತ್ತಿರ ಪ್ರತಿ ಇಲ್ಲ, ಪೆಟ್ಟಿಗೆಯಲ್ಲಿರುವುದೊಂದೇ. ಐದಾರು ಪದ. ಅಷ್ಟು ಹೇಳಿದರೆ ಸಾಕು, ಆಮೇಲೆ ಜನ ಏನು ಬೇಕಾದರೂ ಅಂದುಕೊಳ್ಳಲಿ.

ಮೈಕು ಹಿಡಿದರು. ಎದುರು ಮೂವತ್ತು ಮುಖ. ಮೊದಲ ಸಾಲಿನಲ್ಲಿ ಅನು ಕೆಂಪು ಕಣ್ಣು ತೆರೆದು, ಮುಂದಕ್ಕೆ ಬಾಗಿ ಕೂತಿದ್ದಳು. ಅಪ್ಪ ಇಪ್ಪತ್ತು ವರ್ಷ ಬೇಸ್‌ಮೆಂಟಿನಲ್ಲಿ ಏನು ಮಾಡುತ್ತಿದ್ದ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ ಮುಖ ಅದು.

"ಅಮರೇಶ್ವರ್ ಅವರು," ಎಂದು ಶುರುಮಾಡಿದರು ಕೃಷ್ಣಸ್ವಾಮಿ, "ಒಂದು ಕಡೆ ಒಬ್ಬ ಹುಡುಗನ ಬಗ್ಗೆ ಬರೀತಾರೆ. ಅವನು ಕಾಲುವೆ ದಾಟ್ತಾನೆ. ಅವನವ್ವ ಹೆಣೆದ ಕಾಲುಚೀಲ ಒದ್ದೆಯಾಗತ್ತೆ. ಅದು ಒಣಗುವಷ್ಟು ಹೊತ್ತು ಅವನ ಪಾಲಿಗೆ ಇರಲಿಲ್ಲ ಅಂತ ಬರೀತಾರೆ."

ನೀಲಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಾರೋ ಮೂಗು ಸೀಟಿದರು. ಅನುವಿನ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಕೃಷ್ಣಸ್ವಾಮಿ ಎತ್ತುಗಳ ಮಾತನ್ನೂ ಹೇಳಿದರು. ಅರ್ಧ ಗಂಟೆಯ ಹಿಂದೆ ಕದ್ದು ಓದಿದ ಒಂದು ಪುಟವನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದರು. ಸಿದ್ಧಮಾಡಿಕೊಂಡಿದ್ದ ವಾಕ್ಯ ಗಂಟಲ ಹತ್ತಿರ ಬಂತು, ಅನುವಿನ ಮುಖ ನೋಡಿ ಕೆಳಗಿಳಿಯಿತು. ಇಷ್ಟು ಹೇಳಿದ ಮೇಲೆ ಓದಿಲ್ಲ ಎಂದರೆ ನಂಬುವವರಾದರೂ ಯಾರು?

ಎಡಿಸನ್‌ನಿಂದ ಬಂದಿದ್ದ ಅಯ್ನೋರು ವಚನ ಹೇಳಿದರು. ವಾರವೆಲ್ಲ ಯಾವುದೋ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವ ಮನುಷ್ಯ, ದನಿ ಮಾತ್ರ ಗಟ್ಟಿ. ನೀಲಾಂಬಿಕಾ ಡಬ್ಬಿಯಲ್ಲಿ ತಂದಿದ್ದ ಒಣ ಬಿಲ್ವಪತ್ರೆಯನ್ನು ಗಂಡನ ಎದೆಯ ಮೇಲೂ ನಾಲ್ಕು ಕಟ್ಟುಗಳ ಮೇಲೂ ಇಟ್ಟರು. ಟೋನಿ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಮುಚ್ಚಳ ಇಳಿಸಿದ.

ಅನು ಬಂದು ಕೃಷ್ಣಸ್ವಾಮಿಯವರನ್ನು ತಬ್ಬಿಕೊಂಡಳು. "ಥ್ಯಾಂಕ್ ಯೂ, ಅಂಕಲ್. ನಂಗೆ ಗೊತ್ತೇ ಇರ್ಲಿಲ್ಲ, ಅಪ್ಪ ಸಾಕ್ಸ್ ಬಗ್ಗೆ ಬರ್ದಿದಾರೆ ಅಂತ."

*

ಒಂದೇ ಒಂದು ಸಲ ಇಬ್ಬರೂ ಫ್ರೆಡರಿಕ್ಸ್‌ಬರ್ಗ್‌ಗೆ ಹೋಗಿದ್ದರು. ಡಬ್ಬಿ ಕೊಟ್ಟ ವರ್ಷವೇ, ಅಕ್ಟೋಬರಿನಲ್ಲಿ. ಐದು ಗಂಟೆಯ ದಾರಿಯುದ್ದಕ್ಕೂ ಅಮರೇಶ್ವರರೇ ಡ್ರೈವ್ ಮಾಡಿದರು.

ಕದನದ ಬಯಲು ಬಯಲಾಗಿ ಉಳಿದಿರಲಿಲ್ಲ, ಮನೆಗಳಾಗಿದ್ದವು. ಅಮರೇಶ್ವರ ಹಿಂದೆ ಕಾಲುವೆ ಇದ್ದ ಕಡೆಯಿಂದ, ಬೀದಿಯ ಪಕ್ಕದ ಕಾಲುದಾರಿಯಲ್ಲಿ, ಬಾಯಲ್ಲಿ ಎಣಿಸುತ್ತ ನಡೆದರು. ಕಸದ ಡಬ್ಬಿ, ನಿಲ್ಲಿಸಿದ ಕಾರು, ಮಕ್ಕಳ ಸೈಕಲ್ಲು ದಾಟಿದರು. ಬ್ಯಾಸ್ಕೆಟ್‌ಬಾಲ್ ಹಾಕುವ ಕಂಬವಿದ್ದ ಒಂದು ಮನೆಯ ಮುಂದೆ ನಿಂತುಬಿಟ್ಟರು.

"ಇಲ್ಲೇರಿ. ಇಲ್ಲಿಂದ ಗ್ವಾಡಿಗೆ ನಲವತ್ತು ಹೆಜ್ಜಿ. ಅವರವರ ಲೆಕ್ಕ ಬ್ಯಾರೆ ಬ್ಯಾರೆ ಐತಿ, ನನ್ನ ಲೆಕ್ಕದಾಗ ಇದಕ್ಕಿಂತ ಮುಂದ ಯಾರೂ ಹೋಗಿಲ್ಲ."

"ಬನ್ನಿ, ಗೋಡೆ ನೋಡೋಣ."

"ನೀವು ಹೋಗಿಬರ್ರಿ ಸರ. ನಾ ಇಲ್ಲೇ ನಿಂದರ್ತೀನಿ."

"ಇಷ್ಟು ದೂರ ಬಂದು?"

"ಅವರು ಮುಟ್ಟಲಿಲ್ಲರಿ," ಎಂದಷ್ಟೇ ಹೇಳಿ ಅಮರೇಶ್ವರ ಸಂಕೋಚದಿಂದ ನಕ್ಕರು.

ಕೃಷ್ಣಸ್ವಾಮಿ ಹೋಗಿ ಗೋಡೆ ಮುಟ್ಟಿದರು. ಅದಕ್ಕೆ ಒರಗಿ ನಿಂತು ರಮಾಮಣಿ ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನೂ ತಿಂದು, ಕೈ ಒರೆಸಿಕೊಂಡು ಬಂದರು. ಅಷ್ಟು ಹೊತ್ತೂ ಅಮರೇಶ್ವರ ಅದೇ ಮನೆಯ ಮುಂದೆ, ಟೋಪಿ ಕೈಯಲ್ಲಿ ಹಿಡಿದು, ಪರಸ್ಥಳದವರ ಮನೆ ಬಾಗಿಲಲ್ಲಿ ಕಾಯುವವರ ಹಾಗೆ ನಿಂತಿದ್ದರು.

ಎರಡು ವರ್ಷ ಕಳೆದು, ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತ ಬಂತು. ಕೃಷ್ಣಸ್ವಾಮಿ ಇದ್ದ ಕೆಂಡಲ್ ಪಾರ್ಕಿನ ಬೀದಿಯ ಬೇಸ್‌ಮೆಂಟುಗಳಲ್ಲೆಲ್ಲ ನೀರು. ಕೃಷ್ಣಸ್ವಾಮಿಯವರ ಮೂವತ್ತು ಸ್ಮರಣ ಸಂಚಿಕೆಗಳು ಮೇಲಿನ ಶೆಲ್ಫಿನಲ್ಲಿದ್ದು ಉಳಿದವು. ಡಬ್ಬಿಗಳು ನೆಲದ ಮೇಲಿದ್ದವು. ಮೂರನೇ ದಿನ ನೀರಿಳಿದಾಗ ಎರಡೂ ಅಂಟಿಕೊಂಡ ಮುದ್ದೆಯಾಗಿದ್ದವು.

"ಜೆರಾಕ್ಸು, ಅಕ್ಷರ ಹೋಗಿಲ್ಲ ನೋಡಿ," ಎಂದಿದ್ದರು ರಮಾಮಣಿ, ಒಂದು ಹಾಳೆಯನ್ನು ಹುಷಾರಾಗಿ ಬಿಡಿಸಿ. "ಒಂದೊಂದೇ ಬಿಡಿಸಿ ಒಣಗಿಸೋಣ. ದಿನಕ್ಕೆ ಐವತ್ತು."

"ಸಾವಿರದ ಚಿಲ್ಲರೆ ಹಾಳೆ ಯಾರು ಒಣಗಿಸ್ತಾರೆ? ಅವ್ರ ಹತ್ರ ಒರಿಜಿನಲ್ ಇದೆ, ಬಿಡು," ಎಂದು ಕೃಷ್ಣಸ್ವಾಮಿ ಕಪ್ಪು ಚೀಲಕ್ಕೆ ತುಂಬಿ, ನೆನೆದ ಕಾರ್ಪೆಟ್ಟಿನ ಜೊತೆ ರಸ್ತೆಯ ಅಂಚಿಗೆ ಹಾಕಿದರು. ಗುರುವಾರ ಟೌನಿನ ಲಾರಿ ಬಂದು ಎತ್ತಿಕೊಂಡು ಹೋಯಿತು.

ಅದೇ ಸಂಜೆ ಅಮರೇಶ್ವರರ ಫೋನು. "ಸರ, ನೀರು ಹೊಕ್ಕಿತ್ತಂತ ಕೇಳಿದೆ. ನೀವು ಆರಾಮ ಅದೀರಿಲ್ಲ? ಅಕ್ಕಾರು?" ಆಮೇಲೆ, "ನಮ್ಮ ಹುಡುಗರು?"

"ಮೇಲ್ಗಡೆ ಶೆಲ್ಫಲ್ಲಿದ್ರು ಕಣ್ರೀ. ಒಂದು ಹನಿ ತಾಕಿಲ್ಲ. ತಿದ್ತಾ ಇದೀನಿ, ಅರ್ಧಕ್ಕೆ ಬಂದಿದೀನಿ," ಎಂದರು ಕೃಷ್ಣಸ್ವಾಮಿ.

ಆ ಕಡೆ ಉಸಿರು ಬಿಟ್ಟ ಸದ್ದು. "ನಿಮ್ಮ ಕಡೆ ಐತಿ ಅಂದ್ರ ನನಗ ನಿಶ್ಚಿಂತಿ."

ಆ ಮೇಲೆ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಕೇಳುತ್ತಿದ್ದರು. ಕಳೆದ ವರ್ಷ ಕೇಳುವುದನ್ನು ಬಿಟ್ಟರು. ಕೃಷ್ಣಸ್ವಾಮಿಯವರಿಗೆ ಅದರಿಂದ ಹಗುರವಾಗಿತ್ತು.

*

ಸ್ಮಶಾನ ಕ್ರ್ಯಾನ್‌ಬರಿಯ ಅಂಚಿನಲ್ಲಿತ್ತು. ಮಾರ್ಚಿನ ಕೊನೆ. ಹುಲ್ಲು ಇನ್ನೂ ಕಂದು, ನೆಲ ಒದ್ದೆ, ಗೋರಿಗಳ ನೆರಳಲ್ಲಿ ಅಲ್ಲಲ್ಲಿ ಕೊಳೆಯಾದ ಹಿಮ. ಮರಗಳ ಆಚೆ ಟ್ರಕ್ಕುಗಳು ಹಿಂದಕ್ಕೆ ಸರಿಯುವ ಬೀಪ್ ಬೀಪ್ ಸದ್ದು ಬಿಡದೆ ಕೇಳುತ್ತಿತ್ತು.

ಸಿಮೆಂಟಿನ ತೊಟ್ಟಿ ಆಗಲೇ ಗುಂಡಿಯಲ್ಲಿತ್ತು. ಪೆಟ್ಟಿಗೆಯನ್ನು ಪಟ್ಟಿಗಳ ಮೇಲೆ ಇಳಿಸಿದರು. ತೊಟ್ಟಿಯ ಮುಚ್ಚಳ ಸಣ್ಣ ಕ್ರೇನಿನ ಸರಪಳಿಯಲ್ಲಿ ತೂಗುತ್ತಿತ್ತು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಆ ಮಾನ ಅವತ್ತೇ ಹೋಯ್ತು," ಎಂದರು ರಮಾಮಣಿ, ಗಂಡನ ಬೆನ್ನ ಹಿಂದೆ. "ಈಗ ಉಳಿಸೋಕೆ ಇರೋದು ಆ ಕಾಗದ ಒಂದೇ. ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ನೀನು ಸುಮ್ನಿರು."

ರಮಾಮಣಿ ಸುಮ್ಮನಾದರು. ನಲವತ್ತೆಂಟು ವರ್ಷ ಸುಮ್ಮನಿದ್ದ ಅಭ್ಯಾಸ.

ಕೃಷ್ಣಸ್ವಾಮಿ ಟೋನಿಯ ಬಳಿ ಹೋಗಿ, ಈ ಮುಚ್ಚಳ ಹಾಕಿದ ಮೇಲೆ ಏನನ್ನಾದರೂ ತೆಗೆಯಬೇಕಾದರೆ ಹೇಗೆ, ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಮ್ಮೆ ಸೀಲ್ ಆಯಿತೆಂದರೆ ಕುಟುಂಬದವರು ಬರೆದುಕೊಡಬೇಕು, ಪರ್ಮಿಟ್ ಬೇಕು, ಕೋರ್ಟಿಗೂ ಹೋಗಬೇಕಾಗಬಹುದು ಎಂದ ಟೋನಿ. ಯಾರೂ ಅಷ್ಟು ದೂರ ಹೋಗುವುದಿಲ್ಲ ಸರ್, ಎಂದೂ ಸೇರಿಸಿದ. ಆಮೇಲೆ ಇವರ ಮುಖ ನೋಡಿ, ಏನಾದರೂ ಬಿಟ್ಟುಹೋಯಿತೇ, ಈಗಲೇ ಹೇಳಿ, ಒಂದು ನಿಮಿಷದ ಕೆಲಸ, ಎಂದ.

ಒಂದು ನಿಮಿಷದ ಕೆಲಸ. ಅನು ಆರು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಕೃಷ್ಣಸ್ವಾಮಿ ನಾಲ್ಕು ಹೆಜ್ಜೆ ನಡೆದರು.

"ಅನು."

ಅವಳು ತಿರುಗಿದಳು. ಅವಳ ಕೈಯಲ್ಲಿ ಒದ್ದೆ ಮಣ್ಣಿತ್ತು. "ಅಂಕಲ್, ಯೂ ಗೋ ಫಸ್ಟ್. ಅಮ್ಮನೂ ಹಾಗೇ ಹೇಳಿದ್ರು. ಅಪ್ಪಂಗೆ ಇದ್ದಿದ್ದು ಒಬ್ರೇ ರೀಡರ್."

ನೀಲಾಂಬಿಕಾ ಹೌದೆಂದು ತಲೆಯಾಡಿಸಿದರು. "ನೀವ ಮೊದಲ ಹಾಕ್ರಿ ಅಣ್ಣಾರ. ಅವರಿಗೆ ಸಮಾಧಾನ ಆಗ್ತದ."

ಮಣ್ಣು ಅವರ ಅಂಗೈಗೆ ಬಂತು. ತಣ್ಣಗಿತ್ತು. ಎಲ್ಲರೂ ಕಾಯುತ್ತಿದ್ದರು. ಸುಬ್ಬು ಫೋನು ಕಿಸೆಗೆ ಹಾಕಿ ಕೈಮುಗಿದು ನಿಂತ. ಕೃಷ್ಣಸ್ವಾಮಿ ಬಾಯಿ ತೆರೆದರು. ಆಚೆ ಯಾವುದೋ ಟ್ರಕ್ಕು ಬೀಪ್ ಎನ್ನುತ್ತ ಬಾಗಿಲಿಗೆ ಹತ್ತಿತು. ಅದು ನಿಲ್ಲಲಿ ಎಂದು ಕಾದರು. ಅದು ನಿಂತಿತು. ಕೈ ಮುಂದೆ ಚಾಚಿ ಬೆರಳು ಬಿಡಿಸಿದರು. ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದು ಟಪಟಪ ಅಂದಿತು.

ಆಮೇಲೆ ಎಲ್ಲರೂ ಹಾಕಿದರು. ಸರಪಳಿ ಕಿರುಗುಟ್ಟಿತು, ಸಿಮೆಂಟಿನ ಮುಚ್ಚಳ ಇಳಿದು ಕೂತಿತು. ರಮಾಮಣಿ ಆಗಲೇ ಕಾರಿನ ಕಡೆ ಹೊರಟಿದ್ದರು, ಹಿಂದಿರುಗಿ ನೋಡಲಿಲ್ಲ.

*

"ಅಂಕಲ್, ನಾನು ನಿಮ್ಮನ್ನ ಫಾಲೋ ಮಾಡ್ತೀನಿ," ಎಂದಳು ಅನು, ಕಾರಿನ ಕಿಟಕಿಗೆ ಬಗ್ಗಿ. "ಟ್ರಂಕಲ್ಲಿ ಸ್ಕ್ಯಾನರ್ ಇದೆ. ಡಬ್ಬಿ ಇವತ್ತೇ ತಗೊಂಡ್ ಹೋಗ್ತೀನಿ."

"ಇವತ್ತಾ? ಇವತ್ತು ಅಮ್ಮನ ಜೊತೆ ಇರಮ್ಮ."

"ಅಮ್ಮನ ಹತ್ರ ತುಂಬ ಜನ ಇದಾರೆ. ಐ ನೀಡ್ ಟು ಡೂ ಸಮ್‌ಥಿಂಗ್ ವಿತ್ ಮೈ ಹ್ಯಾಂಡ್ಸ್, ಅಂಕಲ್. ಸುಮ್ನೆ ಕೂತ್ರೆ ಹುಚ್ಚು ಹಿಡಿಯತ್ತೆ." ಅವಳು ಬೆಳಗಿನಿಂದ ಮೊದಲ ಸಲ ಸ್ವಲ್ಪ ನಕ್ಕಳು. ಅಪ್ಪನದೇ ನಗು. "ನಾನು ಲೆಕ್ಕ ಹಾಕ್ದೆ. ಸಂಡೇಗೆ ಒಂದೊಂದು ಪೇಜ್ ನೀವು ಓದಿ ಹೇಳಿದ್ರೆ ಇಪ್ಪತ್ತೆರಡು ವರ್ಷ ಆಗತ್ತೆ. ಸೋ ಯೂ ಹ್ಯಾವ್ ಟು ಲಿವ್."

ಕೃಷ್ಣಸ್ವಾಮಿ "ಬಾ" ಎಂದರು.

ರೂಟ್ 522ರಲ್ಲಿ ಕಾರು ನಿಧಾನವಾಗಿ ಸಾಗಿತು. ಕನ್ನಡಿಯಲ್ಲಿ ಅನುವಿನ ಬಿಳಿ ಕಾರು ಅಷ್ಟೇ ಅಂತರ ಇಟ್ಟುಕೊಂಡು ಬರುತ್ತಿತ್ತು. ಒಂದು ಸಿಗ್ನಲ್ಲಿನಲ್ಲಿ ಇವರ ಕಾರು ಹಳದಿಗೆ ದಾಟಿತು, ಅವಳು ನಿಂತಳು. ದೀಪ ಹಸಿರಾಗುವವರೆಗೆ ಕೃಷ್ಣಸ್ವಾಮಿ ರಸ್ತೆಯಂಚಿಗೆ ಹಾಕಿಕೊಂಡು ಕಾದರು. ಅದೇಕೆ ಕಾದರೋ ಅವರಿಗೇ ತಿಳಿಯದು.

ರಮಾಮಣಿ ಕೆಂಡಲ್ ಪಾರ್ಕ್ ಬರುವವರೆಗೂ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಬೀದಿಗೆ ತಿರುಗಿದ ಮೇಲೆ, "ಏನ್ ಕೊಡ್ತೀರಿ ಅವ್ಳಿಗೆ?" ಎಂದರು. ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

ಮನೆ ಕಂಡಿತು. ಮೇಲ್‌ಬಾಕ್ಸು, ಅದರ ಪಕ್ಕ ಅಂದು ಕಪ್ಪು ಚೀಲಗಳನ್ನು ಇಟ್ಟಿದ್ದ ರಸ್ತೆಯ ಅಂಚು, ಬೇಸ್‌ಮೆಂಟಿನ ಗೇಣಗಲದ ಕಿಟಕಿ. ಕೃಷ್ಣಸ್ವಾಮಿ ಅಭ್ಯಾಸಬಲದಿಂದ ಎಡಕ್ಕೆ ಸಿಗ್ನಲ್ ಹಾಕಿದರು. ಹಿಂದೆ ಅನುವೂ ಹಾಕಿದಳು.

"ಮನೆ ಬಂತು," ಎಂದರು ರಮಾಮಣಿ.

ಕೃಷ್ಣಸ್ವಾಮಿಯವರ ಕಾಲು ಬ್ರೇಕಿಗೆ ಹೋಗಲಿಲ್ಲ. ಮೇಲ್‌ಬಾಕ್ಸ್ ದಾಟಿತು, ಪಕ್ಕದವರ ಮನೆ ದಾಟಿತು, ಅದರಾಚೆಯದೂ ದಾಟಿತು. ಒಳಗೆ ಸಿಗ್ನಲ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಕನ್ನಡಿಯಲ್ಲಿ ಬಿಳಿ ಕಾರು ಅವರ ಡ್ರೈವ್‌ವೇಯ ಬಾಯಿಗೆ ಬಂದು ನಿಂತಿತು. ಅನು ಇಳಿದು, ಕಾರಿನ ಹಿಂದಿನ ಟ್ರಂಕಿನ ಬಾಗಿಲು ಎತ್ತಿ, ಇವರ ಕಾರು ಹೋಗುತ್ತಿದ್ದ ಕಡೆ ನೋಡುತ್ತ ನಿಂತಳು. ಟ್ರಂಕು ಬಾಯಿ ತೆರೆದಿತ್ತು, ಎಡಗಡೆಯ ಹಳದಿ ದೀಪ ಮಿಣುಕುತ್ತಿತ್ತು.